ಹಾಲಿನ ವ್ಯಾನಿನಲ್ಲಿ ಕ್ವಾಂಟಮ್ ಪೇಪರಿಗೆ

ನಾನು ಬಿ.ಎಸ್ಸಿ.ಯಲ್ಲಿ ಫಿಸಿಕ್ಸ್ ತಗೊಂಡಿದ್ದೇನೆ ಅಂತ ಊರಿಗೆ ಗೊತ್ತಾದ ವಾರದಲ್ಲೇ ನಮ್ಮ ಜಗುಲಿಯ ಮೇಲೆ ಎರಡು ರೇಡಿಯೋ, ಒಂದು ಇಸ್ತ್ರಿಪೆಟ್ಟಿಗೆ, ಒಂದು ಸುಟ್ಟ ಮಿಕ್ಸಿ ಬಂದು ಕೂತವು. ಕಿಕ್ಕೇರಿಯಿಂದ ಒಳಗೆ ಹೋಗಬೇಕಾದ ಸಣ್ಣ ಊರು ನಮ್ಮದು. ಎದುರುಮನೆ ಅಜ್ಜಿ ತನ್ನ ಟಾರ್ಚನ್ನೂ ತಂದು ಕೈಗಿಟ್ಟಳು.

"ಕರೆಂಟಿನ ಓದು ತಾನೆ? ಬಿಚ್ಚಿ ನೋಡ್ಲಾ."

"ಅಜ್ಜಿ, ನಾನು ಓದೋದು ಥಿಯರಿ. ರಿಪೇರಿ ಅಲ್ಲ."

"ಅಂಗಂದ್ರೆ?"

"ಲೆಕ್ಕ ಮಾಡೋದು. ಅಣು ಎಂಗಿರ್ತದೆ, ಬೆಳಕು ಎಂಗೆ ಓಯ್ತದೆ, ಅಂಥವು."

"ಬೆಳ್ಕು ಓಗೋದು ನಮಗೇ ಗೊತ್ತು, ದಿನಾ ಸಂಜೆ ಓಯ್ತದೆ. ಎಂಗೆ ಬತ್ತದೆ ಅಂತ ಓದ್ಕೊಂಡ್ ಬಾ."

ನಗಬೇಡಿ. ಈ ಅಜ್ಜಿಗೆ ಕೊಡಬೇಕಾದ ಉತ್ತರವನ್ನು ನಾನು ಮುಂದೆ ವರ್ಷಗಟ್ಟಲೆ ಹುಡುಕಿದೆ, ಸಿಗಲಿಲ್ಲ.

ಥಿಯರಿಯ ಹುಚ್ಚು ಹತ್ತಿಸಿದವರು ನಮ್ಮ ಮೇಷ್ಟ್ರು. ತಾಲ್ಲೂಕಿನ ಕಾಲೇಜಿನಲ್ಲಿ ಎರಡನೇ ವರ್ಷ ಪಾಠ ಮಾಡುತ್ತಿದ್ದ ಬಡಕಲು ಮನುಷ್ಯ, ಅಂಗಿಯ ಜೇಬಿನ ತುಂಬ ಸೀಮೆಸುಣ್ಣದ ಪುಡಿ. ಒಂದು ದಿನ ಲ್ಯಾಬಿನಲ್ಲಿ ಸೋಡಿಯಂ ದೀಪ ಹತ್ತಲಿಲ್ಲ. ಅವರು ಬೋರ್ಡಿಗೆ ತಿರುಗಿ, ದೀಪ ಹತ್ತಿದ್ದರೆ ಆ ಹಳದಿ ಗೆರೆ ಎಲ್ಲಿ ಕಾಣಿಸುತ್ತಿತ್ತು ಅಂತ ಲೆಕ್ಕ ಹಾಕಿ ತೋರಿಸಿದರು. ಮಾರನೇ ದಿನ ದೀಪ ಹತ್ತಿತು. ಗೆರೆ ಅಲ್ಲೇ ಇತ್ತು. ನನಗೆ ಮೈ ಜುಮ್ಮೆಂದಿತು. ಕಾಣದ್ದನ್ನು ಕೂತಲ್ಲೇ ಹೇಳಬಹುದಲ್ಲ! ಅಲ್ಲಿಗೆ ನನ್ನ ಕಥೆ ಮುಗಿಯಿತು.

ಕೊನೆಯ ವರ್ಷ ನಾಲ್ಕನೇ ಪೇಪರಿಗೆ ಎರಡರಲ್ಲಿ ಒಂದನ್ನು ಆರಿಸಬೇಕಿತ್ತು. ಒಂದು ಎಲೆಕ್ಟ್ರಾನಿಕ್ಸ್, ಇನ್ನೊಂದು ಥಿಯರಿ, ಅಂದರೆ ಕ್ವಾಂಟಮ್ ಮತ್ತು ರಿಲೇಟಿವಿಟಿ. ತರಗತಿಯ ಎಲ್ಲರೂ ಎಲೆಕ್ಟ್ರಾನಿಕ್ಸ್ ಬರೆದುಕೊಟ್ಟರು. ಅದಕ್ಕೆ ಗೈಡು ಸಿಗುತ್ತಿತ್ತು, ಕೆಲಸ ಸಿಗುವ ಆಸೆಯೂ ಇತ್ತು. ಥಿಯರಿ ಬರೆದವನು ನಾನೊಬ್ಬನೇ. ಮೇಷ್ಟ್ರಿಗೆ ಖುಷಿಯಾಗಲಿಲ್ಲ.

"ಇನ್ನೊಂದ್ಸಲ ಯೋಚನೆ ಮಾಡಪ್ಪ. ನಾನು ಇರ್ತೀನೋ ಇಲ್ವೋ."

ಇರಲಿಲ್ಲ. ಪಾಠ ಅರ್ಧಕ್ಕೆ ಬಂದಾಗ ಅವರಿಗೆ ನಾಗಮಂಗಲಕ್ಕೆ ವರ್ಗವಾಯಿತು. ಆ ಜಾಗಕ್ಕೆ ಯಾರೂ ಬರಲಿಲ್ಲ. ಒಬ್ಬ ಹುಡುಗನಿಗಾಗಿ ಯಾರು ಬರುತ್ತಾರೆ? ಖಾಲಿ ಕೊಠಡಿಯಲ್ಲಿ ಕೂತು ಇಂಗ್ಲಿಷ್ ಪುಸ್ತಕ ತೆರೆದರೆ ಪ್ರತಿ ಸಾಲಿಗೂ 'ಇದು ಸುಲಭವಾಗಿ ಕಾಣುತ್ತದೆ' ಅಂತ ಬರೆದಿರುತ್ತಿತ್ತು. ಸುಲಭವಾಗಿ ಯಾರಿಗೆ ಕಾಣುತ್ತದೆ, ಅವರನ್ನೊಮ್ಮೆ ನೋಡಬೇಕು ಅನ್ನಿಸುತ್ತಿತ್ತು.

ಉಳಿದ ಪೇಪರೆಲ್ಲ ಪಾಸು. ನಾಲ್ಕನೇದು ಫೇಲು. ಮತ್ತೆ ಕಟ್ಟಿದೆ, ಮತ್ತೆ ಫೇಲು. ಅಷ್ಟರಲ್ಲಿ ಸಿಲಬಸ್ ಬದಲಾಯಿತು. ಹಳೇ ಸಿಲಬಸ್ಸಿನವರಿಗೆ ದಸರಾ ಕಳೆದ ಮೇಲೆ ಇನ್ನೊಂದೇ ಪರೀಕ್ಷೆ, ಶ್ರೀರಂಗಪಟ್ಟಣದ ಕೇಂದ್ರದಲ್ಲಿ. ಅದರಲ್ಲೂ ಹೋದರೆ ನನ್ನ ಡಿಗ್ರಿ ಅನ್ನುವುದೇ ಇಲ್ಲ. ಮೂರು ವರ್ಷ ಓದಿದ್ದೂ ಇಲ್ಲ, ಪಾಸಾದ ಪೇಪರುಗಳೂ ಇಲ್ಲ. ಊರಲ್ಲಿ ನಾನು ಪಿಯುಸಿ ಹುಡುಗ, ಮೀಸೆ ಬಂದ ಪಿಯುಸಿ ಹುಡುಗ.

ಆ ಬೇಸಿಗೆಯಿಂದ ಪ್ರತಿ ಭಾನುವಾರ ನಾಗಮಂಗಲಕ್ಕೆ ಹೋದೆ. ಎರಡು ಬಸ್ಸು ಬದಲಾಯಿಸಿ, ಬಿಸಿಲಲ್ಲಿ ಕಾದು. ಮೇಷ್ಟ್ರು ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಒಂಟಿ ಕೋಣೆ ಮಾಡಿಕೊಂಡಿದ್ದರು. ಪಕ್ಕದ ಮನೆಯಲ್ಲಿ ಹಿತ್ತಾಳೆ ದೀಪ ಉಜ್ಜುವ ಸದ್ದು ಒಂದೇ ಸಮ. ಆ ಸದ್ದಿನ ನಡುವೆ ಅವರು ರೆಡ್ ಆಕ್ಸೈಡ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು, ನಾನು ಮಂಡಿಯೂರಿ ನೋಡುತ್ತಿದ್ದೆ. ಸಂಜೆ ಅವರೇ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ಹೊಸ ಕಾಲೇಜಿನಲ್ಲಿ ಅವರಿಗೆ ಪ್ರಾಕ್ಟಿಕಲ್ ಮಾತ್ರ ಕೊಟ್ಟಿದ್ದರು. ಕ್ವಾಂಟಮ್ ಕೇಳುವವನು ಇಡೀ ವಾರಕ್ಕೆ ನಾನೊಬ್ಬನೇ.

ಸಿಕ್ಕಿಹಾಕಿಕೊಳ್ಳುತ್ತಿದ್ದದ್ದು ಒಂದೇ ಪ್ರಶ್ನೆಯಲ್ಲಿ. ಪ್ರತಿ ವರ್ಷ ತಪ್ಪದೆ ಬರುತ್ತಿದ್ದ ದೊಡ್ಡ ಪ್ರಶ್ನೆ: ಒಂದು ಕಣಕ್ಕೆ ಎದುರಾಗಿ ಒಂದು ತಡೆ ಇದೆ. ದಾಟುವಷ್ಟು ಶಕ್ತಿ ಕಣಕ್ಕಿಲ್ಲ. ಆದರೂ ಅದು ಆ ಕಡೆ ಸಿಗುವ ಸಾಧ್ಯತೆ ಎಷ್ಟು? ತಡೆಯ ಎರಡು ಅಂಚಿನಲ್ಲಿ ಅಲೆಯನ್ನು ಹೊಂದಿಸಿದರೆ ನಾಲ್ಕು ಸಮೀಕರಣ ಬರುತ್ತವೆ. ಅವುಗಳಿಂದ ಬೇಡದ್ದನ್ನೆಲ್ಲ ಒಂದೊಂದಾಗಿ ಕಳೆಯಬೇಕು. ಮೊದಲ ಅಂಚು ದಾಟುತ್ತಿದ್ದೆ. ಎರಡನೇ ಅಂಚಿಗೆ ಬಂದು ಕಳೆಯಲು ಶುರು ಮಾಡಿದರೆ ಕೈ ನಿಂತುಬಿಡುತ್ತಿತ್ತು.

"ಸಾರ್, ಇದು ಯಾಕೆ ಹಿಂಗೆ ಅಂತ ಅರ್ಥ ಆಗ್ತಿಲ್ಲ."

"ಅರ್ಥ ಮಾಡ್ಕೊಳೋಕೆ ಹೋಗಬೇಡ ಮಾರಾಯ. ಬಾಯಿಪಾಠ ಮಾಡು. ಪಾಸಾಗು. ಅರ್ಥ ಆಮೇಲೆ ಆಗ್ಲಿ."

ಮೈ ಜುಮ್ಮೆನ್ನಿಸಿದ ಮನುಷ್ಯನ ಬಾಯಲ್ಲಿ ಈ ಮಾತು. ಅವರೂ ನನ್ನ ಮುಖ ನೋಡದೆ ನೆಲ ಒರೆಸುತ್ತಿದ್ದರು. ನಾನು ಬಾಯಿಪಾಠ ಮಾಡಿದೆ. ಹಸು ಹೊಡೆದುಕೊಂಡು ಹೋಗುವಾಗ, ಮೇವು ಕೊಯ್ಯುವಾಗ, ಸ್ನಾನ ಮಾಡುವಾಗ. ನಮ್ಮವ್ವ ಅದನ್ನು ಮಂತ್ರ ಅಂದುಕೊಂಡು ಚಪ್ಪಲಿ ಬಿಚ್ಚಿ ಒಳಗೆ ಬರುತ್ತಿದ್ದಳು.

ಪರೀಕ್ಷೆ ಮಧ್ಯಾಹ್ನ ಎರಡಕ್ಕೆ. ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟೆ. ಅಪ್ಪ ಮನೆಯಲ್ಲಿರಲಿಲ್ಲ. ಊರಿನ ಟ್ರಾನ್ಸ್‌ಫಾರ್ಮರ್ ಮತ್ತೆ ಸುಟ್ಟಿತ್ತು, ಪಂಪ್‌ಸೆಟ್ಟೆಲ್ಲ ನಿಂತಿದ್ದವು, ಗಂಡಸರೆಲ್ಲ ಕತ್ತಲಿರುವಾಗಲೇ ಟ್ರಾಕ್ಟರಿನಲ್ಲಿ ಕಿಕ್ಕೇರಿಗೆ ಹೋಗಿದ್ದರು. ಕರೆಂಟ್ ಆಫೀಸಿನ ಮುಂದೆ ಕೂರುತ್ತಾರೆ ಅಂದುಕೊಂಡಿದ್ದೆ. ಬಸ್ಸು ಕಿಕ್ಕೇರಿ ಸರ್ಕಲ್ಲಿಗೆ ಬಂದು ನಿಂತಾಗ ಗೊತ್ತಾಯಿತು, ಅವರು ಕೂತಿರುವುದು ರಸ್ತೆಯ ಮೇಲೆ. ಎತ್ತಿನ ಗಾಡಿ ಅಡ್ಡ, ಟ್ರಾಕ್ಟರ್ ಅಡ್ಡ, ಅದರ ಮುಂದೆ ಹಸಿರು ಟವೆಲಿನ ಸಾಲು. ಆ ಸಾಲಿನ ನಡುಮಧ್ಯೆ ನಮ್ಮಪ್ಪ.

ಕರೆಂಟಿನ ಗೋಳು ಸುತ್ತಲ ಊರಿಗೆಲ್ಲ ಇತ್ತು; ಕೆ.ಆರ್.ಪೇಟೆಯಲ್ಲೂ ತಡೆ, ಮುಂದೆ ಚಿನಕುರಳಿಯಲ್ಲೂ ತಡೆ ಅಂತ ಕಂಡಕ್ಟರು ಹೇಳಿದ. ನಡೆದು ದಾಟಿದರೂ ಆ ಕಡೆ ಓಡುವ ಗಾಡಿಯೇ ಇಲ್ಲ. ನಮ್ಮ ಕಡೆ ರಸ್ತೆ ತಡೆಗೆ ಅದರದೇ ಕಾನೂನಿದೆ. ಹೆರಿಗೆಯ ಹೆಂಗಸು, ಹಾವು ಕಚ್ಚಿದವರು, ಹೆಣ, ಹಾಲು, ಇಷ್ಟಕ್ಕೆ ದಾರಿ. ಮೊದಲ ತಡೆಯಲ್ಲಿ ಯಾರಾದರೂ ದೊಡ್ಡವರು ತಮ್ಮ ಹಸಿರು ಟವೆಲನ್ನು ಗಾಡಿಯ ಕನ್ನಡಿಗೆ ಕಟ್ಟಿಬಿಟ್ಟರೆ ಮುಂದಿನ ತಡೆಯವರು ಕೇಳದೆ ಬಿಡುತ್ತಾರೆ. ಕಟ್ಟಿದವರ ಮಾತಿಗೆ ಅಷ್ಟು ಬೆಲೆ. ಸುಳ್ಳು ಕಟ್ಟಿದರೆ ಆಮೇಲೆ ಅವನ ಟವೆಲಿಗೆ ಯಾರೂ ದಾರಿ ಕೊಡುವುದಿಲ್ಲ.

ನಾನು ಅಪ್ಪನ ಮುಂದೆ ಹೋಗಿ ನಿಂತೆ.

"ಅಪ್ಪ, ಇವತ್ತು ನನ್ ಪರೀಕ್ಷೆ. ಶ್ರೀರಂಗಪಟ್ಟಣಕ್ಕೆ ಓಗ್ಬೇಕು."

ಅಪ್ಪ ನನ್ನನ್ನು ನೋಡಿ ತಲೆ ಬಗ್ಗಿಸಿದರು. ಅವರ ಪಕ್ಕದಲ್ಲಿದ್ದ ದಪ್ಪ ಮನುಷ್ಯ, ನಮ್ಮೂರಿನ ಅಕ್ಕಿ ಗಿರಣಿಯವನು, ಬಾಯಲ್ಲಿದ್ದ ಎಲೆಯಡಿಕೆ ಉಗಿದು ಹೇಳಿದ: "ಪರೀಕ್ಸೆನಾ? ಇದ್ಯಾವ ಕಾಲ್ದಲ್ಲಿ ಪರೀಕ್ಸೆ? ಐಕ್ಳೆಲ್ಲ ದಸರಾ ರಜ ಮುಗ್ಸಿ ಈಗಿನ್ನೂ ಇಸ್ಕೂಲಿಗೋಯ್ತಾವೆ."

"ಇದು ಡಿಗ್ರಿದು. ಹಳೇ ಪೇಪರು."

"ಅಂದ್ರೆ ಫೇಲಾಗಿದ್ದು."

"ಊಂ."

"ಎಷ್ಟನೇ ಸಲ?"

"ಮೂರನೇದು."

ಸಾಲಿನಲ್ಲಿ ನಗು ಹರಿಯಿತು. ಅಪ್ಪ ಇನ್ನೂ ತಲೆ ಎತ್ತಿರಲಿಲ್ಲ. ನಾನು ಹಾಲ್ ಟಿಕೆಟ್ ತೆಗೆದು ತೋರಿಸಿದೆ. ಅದು ಕೈಯಿಂದ ಕೈಗೆ ಹೋಗಿ ವಾಪಸ್ ಬಂತು.

"ಫೋಟೋ ಇವ್ನದೇ ಕಣ್ರಪ್ಪ," ಅಂದ ಒಬ್ಬ. "ಆದ್ರೆ ಬೆಳಿಗ್ಗೆ ಇವ್ರಪ್ಪ ಸ್ವಂತ ಬಾವನ ಟೆಂಪೋನೇ ವಾಪಸ್ ಕಳ್ಸವ್ನೆ. ಎಲೆ ಅಡಿಕೆ ತಟ್ಟೆ ಇಟ್ಕೊಂಡು ಹೆಣ್ಣಿನ ಮನೆಗೆ ಒಂಟಿದ್ರು. ಈಗ ಮಗನ್ನ ಬುಟ್ರೆ ಆ ಬಾವ ಸುಮ್ಕಿರ್ತಾನಾ?"

ಅದಾಗಿತ್ತು ವಿಷಯ. ಅಪ್ಪ ತಮ್ಮ ಅಕ್ಕನ ಗಂಡನನ್ನೇ ತಡೆದು ಕಳಿಸಿದ್ದರು. ಈಗ ನನಗಾಗಿ ಬಾಯಿ ತೆರೆಯುವ ಹಾಗಿರಲಿಲ್ಲ. ನನಗೆ ಅದು ಅರ್ಥವಾಯಿತು. ಅರ್ಥವಾಗಿದ್ದೇ ಸಂಕಟ. ಬೈಯಲು ಕೂಡ ಯಾರೂ ಸಿಗಲಿಲ್ಲ.

"ಅಣ್ಣ, ಇದು ಕೊನೇದು," ಅಂದೆ ಗಿರಣಿಯವನಿಗೆ. "ಇವತ್ತು ಬರೀಲಿಲ್ಲ ಅಂದ್ರೆ ಡಿಗ್ರಿನೇ ಇಲ್ಲ. ಇನ್ನೊಂದ್ಸಲ ಕಟ್ಟಂಗಿಲ್ಲ."

ಗಿರಣಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಬೆಳಿಗ್ಗಿಂದ ಎಲ್ರೂ ಆಸ್ಪತ್ರೆ ಅಂತಾರೆ, ಕೋರ್ಟು ಅಂತಾರೆ. ನಿಜ್ವಾಗೂ ಓದಿದ್ರೆ ಏಳ್ಲಾ, ಅದೇನ್ ಓದಿದ್ದೀಯ? ಕೇಳವ. ಕರೆಂಟು ಯಾಕೆ ಬರ್ತಿಲ್ಲ ಅಂತ ಏಳ್ತೀಯಾ?"

"ಕರೆಂಟಿನ ಓದಲ್ಲ ಅಣ್ಣ."

"ಮತ್ತೆ?"

ನಾನು ಬಾಯಿ ತೆರೆದೆ. ತಿಂಗಳುಗಟ್ಟಲೆ ಬಾಯಿಪಾಠ ಮಾಡಿದ್ದ ಇಂಗ್ಲಿಷ್ ವಾಕ್ಯ ಬಂತು. ಎರಡು ಸಾಲು ಹೇಳುವಷ್ಟರಲ್ಲಿ ಯಾರೋ "ಕನ್ನಡ್ದಲ್ಲಿ ಬೊಗುಳ್ಲಾ" ಅಂದರು. ಕನ್ನಡದಲ್ಲಿ ಹೇಳಲು ಹೋದೆ. ಏನೂ ಬರಲಿಲ್ಲ. ನನ್ನ ತಲೆಯಲ್ಲಿ ಅಕ್ಷರಗಳಿದ್ದವು, ಗುರುತುಗಳಿದ್ದವು, ಅವುಗಳ ಹಿಂದೆ ಏನೂ ಇರಲಿಲ್ಲ. ಮೂರು ವರ್ಷದ ಪಾಠ, ಅಷ್ಟೊಂದು ಭಾನುವಾರ, ನಮ್ಮವ್ವ ಬಿಚ್ಚಿಟ್ಟ ಚಪ್ಪಲಿ, ಎಲ್ಲ ಕಣ್ಣ ಮುಂದೆ ಬಂತು. ಬದುಕಿನಲ್ಲಿ ಅಷ್ಟು ಬರಿದಾಗಿ ನಾನು ಮತ್ತೆಂದೂ ನಿಂತಿಲ್ಲ. ಬಸ್ಸಿನ ಜನ ಇಳಿದು ಬಂದು ಸುತ್ತ ನಿಂತಿದ್ದರು. ಅಳು ಬರುತ್ತಿತ್ತು.

ಆಗ ಅಪ್ಪ ಮೊದಲ ಸಲ ಮಾತಾಡಿದರು. ನನಗಲ್ಲ, ನೆಲಕ್ಕೆ ಹೇಳಿದ ಹಾಗೆ. "ಅದೇ, ಹಸ ಒಡ್ಕೊಂಡು ಬರೋವಾಗ ಗೊಣಗ್ತಿದ್ದಲ್ಲ. ಅದು."

ಅದು ತಡೆಯ ಪ್ರಶ್ನೆ. ಹೇಗೋ ಶುರು ಮಾಡಿದೆ.

"ಒಂದು ಚೆಂಡು ಅಂತ ಇಟ್ಕಳಿ. ಎದುರಿಗೆ ಗೋಡೆ. ಚೆಂಡನ್ನ ಎಸೆದ್ರೆ ಗೋಡೆಗೆ ಒಡ್ದು ವಾಪಸ್ ಬತ್ತದೆ. ಆದ್ರೆ ಚೆಂಡು ತುಂಬ ಸಣ್ಣದಾದ್ರೆ, ಅಣುಗಿಂತ ಸಣ್ಣದಾದ್ರೆ, ಯಾವಾಗ್ಲೋ ಒಂದ್ಸಲ ಅದು ಗೋಡೆ ಆ ಕಡೆ ಸಿಕ್ತದೆ."

"ಗೋಡೆ ಆರ್ಕೊಂಡಾ?"

"ಆರೋವಷ್ಟು ಸಕ್ತಿ ಇಲ್ಲ ಅದಕ್ಕೆ."

"ತೂತು ಮಾಡ್ಕೊಂಡಾ?"

"ಇಲ್ಲ. ಗೋಡೆ ಅಂಗೇ ಇರ್ತದೆ."

"ಎಂಡ ಕುಡ್ದು ಲೆಕ್ಕ ಆಕವ್ರೆ ಯಾರೋ," ಅಂದ ಹಿಂದಿದ್ದ ಕಂಡಕ್ಟರು. ಮತ್ತೆ ನಗು.

ಗಿರಣಿಯವನು ಮಾತ್ರ ನಗಲಿಲ್ಲ. "ಇರ್ಲಾ, ಸುಮ್ನಿರಿ. ಎಂಗ್ಲಾ ಓಯ್ತದೆ ಅದು?"

"ಅದು ಚೆಂಡಿನ ತರ ಅಲ್ಲಣ್ಣ, ಅಲೆ ತರ. ಗೋಡೆ ಸಿಕ್ಕಿದ ತಕ್ಷಣ ನಿಲ್ಲಲ್ಲ. ಗೋಡೆ ಒಳಗೂ ಸ್ವಲ್ಪ ಇರ್ತದೆ, ಓಗ್ತಾ ಓಗ್ತಾ ತೆಳ್ಳಗಾಗ್ತದೆ. ಗೋಡೆ ಮುಗಿಯೋದ್ರೊಳಗೆ ಪೂರ್ತಿ ಸೊನ್ನೆ ಆಗಿರಲ್ಲ. ಆ ಉಳಿದಿರೋ ಚೂರು ಆ ಕಡೆಗೂ ಇರ್ತದೆ."

ಹೇಳಿ ನಾನೇ ನಿಂತುಬಿಟ್ಟೆ. ಈ ಮಾತನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಪುಸ್ತಕದಲ್ಲಿ ಕನ್ನಡದಲ್ಲಿ ಇರಲಿಲ್ಲ. ಎರಡನೇ ಅಂಚಿನಲ್ಲಿ ಯಾಕೆ ಹೊಂದಿಸಬೇಕು ಅಂತ ಅವತ್ತು, ಕಿಕ್ಕೇರಿ ಸರ್ಕಲ್ಲಿನಲ್ಲಿ, ಮೊದಲ ಸಲ ಕಂಡಿತು.

"ಗೋಡೆ ದಪ್ಪ ಇದ್ರೆ?"

"ಆ ಕಡೆ ಸಿಗೋದು ಕಮ್ಮಿ ಅಣ್ಣ. ತೀರಾ ಕಮ್ಮಿ."

"ನಾವು ಬೋ ದಪ್ಪ ಇವಿ ಕಣ್ಲಾ!" ಅಂತ ಗಿರಣಿಯವನು ಹೊಟ್ಟೆ ತಟ್ಟಿಕೊಂಡ. ಇಡೀ ಸಾಲು ಬಿದ್ದು ಬಿದ್ದು ನಕ್ಕಿತು. "ಓಗು ಮತ್ತೆ, ಅಲೆ ತರ ಓಗು! ಅಲ್ಲಿ ಚಿನಕುರಳಿಲಿ ಇನ್ನೂ ದಪ್ಪ ಅವ್ರೆ!"

ನಗು ನಿಂತ ಮೇಲೆ ಅವನೇ ತಲೆ ಕೆರೆದುಕೊಂಡು ಹೇಳಿದ: "ಓದವ್ನೆ ಕಣ್ರಪ್ಪ ಐದ. ಸುಳ್ಳೇಳ್ತಾ ಇಲ್ಲ. ಆದ್ರೆ ಕಾನೂನು ಕಾನೂನೇ. ಪರೀಕ್ಸೆ ಅಂತ ಬುಟ್ರೆ ನಾಳೆ ಎಲ್ರೂ ಆಲ್ ಟಿಕೆಟ್ ಇಡ್ಕೊಂಡ್ ಬತ್ತಾರೆ."

ಅಷ್ಟರಲ್ಲಿ ಹಿಂದಿನಿಂದ ಹಾರನ್ ಕೇಳಿತು. ಹಾಲಿನ ವ್ಯಾನು. ಡ್ರೈವರು ಪಾಂಡವಪುರದ ಸಾಬರು, ಬಿಳಿ ಟೋಪಿ, ಕಿಟಕಿಯಿಂದ ತಲೆ ಹೊರಗೆ ಹಾಕಿ "ಭಾಯ್, ದೂದ್ ಒಡದೋಗ್ತದೆ, ಬೇಗ ಬಿಡಿ!" ಅಂತ ಕೂಗುತ್ತಿದ್ದರು. ಗಾಡಿ ಎಳೆದು ದಾರಿ ಮಾಡಿದರು. ವ್ಯಾನಿನ ಕನ್ನಡಿಗೆ ಕಟ್ಟಲು ಟವೆಲ್ ಬೇಕಿತ್ತು. ಅಪ್ಪ ಎದ್ದರು.

ತಮ್ಮ ಹೆಗಲ ಮೇಲಿದ್ದದ್ದನ್ನೇ ತೆಗೆದು ಕನ್ನಡಿಗೆ ಎರಡು ಸುತ್ತು ಸುತ್ತಿ ಗಂಟು ಹಾಕಿದರು. ಆಮೇಲೆ ನನ್ನ ರಟ್ಟೆ ಹಿಡಿದು ವ್ಯಾನಿನ ಹಿಂದಕ್ಕೆ ಎಳೆದುಕೊಂಡು ಹೋಗಿ ಬಾಗಿಲು ತೆರೆದರು. ಸಾಲು ನೋಡುತ್ತಿತ್ತು.

"ಏನ್ ಮಾಡ್ತಿದ್ದೀಯಾ?" ಅಂದ ಗಿರಣಿಯವನು.

"ಒಂದು ಕ್ಯಾನ್ ಜಾಸ್ತಿ ಆಕ್ತಾ ಇವ್ನಿ," ಅಂದರು ಅಪ್ಪ. ಯಾರ ಮುಖವನ್ನೂ ನೋಡಲಿಲ್ಲ. "ನಮ್ಮನೆ ಆಲೇ ಕುಡ್ದು ಬೆಳ್ದಿರೋದು. ಬೇಕಾದ್ರೆ ಕಲಬೆರಕೆ ಅಂತ ವಾಪಸ್ ಕಳ್ಸ್ಲಿ ಡೇರಿಯವ್ರು."

ಗಿರಣಿಯವನು ಬೇರೆ ಕಡೆ ತಿರುಗಿ ಎಲೆಯಡಿಕೆ ಚೀಲ ಬಿಚ್ಚಿದ. ಅವನ ಪಕ್ಕದವನೂ ತಿರುಗಿದ. ಸಾಲೇ ತಿರುಗಿತು. ನಾನು ಕ್ಯಾನುಗಳ ನಡುವೆ ಕೂತೆ. ಬಾಗಿಲು ಹಾಕುವ ಮುಂಚೆ ಅಪ್ಪ ಮೆಲ್ಲಗೆ ಕೇಳಿದರು, "ಆ ಕಡೆ ಸಿಕ್ತೀಯೇನ್ಲಾ?"

ನಾನು ಹಾಲ್ ಟಿಕೆಟನ್ನು ಅಂಗಿಯೊಳಗೆ ತುರುಕಿಕೊಂಡೆ.

ಕೆ.ಆರ್.ಪೇಟೆಯಲ್ಲಿ ಟವೆಲ್ ನೋಡಿ ಬಿಟ್ಟರು. ಚಿನಕುರಳಿಯಲ್ಲಿ ಒಬ್ಬ ವ್ಯಾನಿನ ಹಿಂದೆ ಬಂದು ಬಾಗಿಲು ತಟ್ಟಿದ. ನಾನು ಕ್ಯಾನಿನ ಸಂದಿಯಲ್ಲಿ ಬಗ್ಗಿ ಕೂತು ಎರಡನೇ ಅಂಚಿನ ಸಮೀಕರಣ ಗೊಣಗುತ್ತಿದ್ದೆ. ಡ್ರೈವರು "ಟವೆಲ್ ಯಾರ್ದು ನೋಡ್ಕಳಿ ಮೊದ್ಲು" ಅಂತ ಗದರಿದರು. ಅವನು ಸರಿದುಹೋದ. ಹಾಲಿನ ವ್ಯಾನು ಓಡಿಸಿದ ಹಾಗೆ ಓಡುವುದಿಲ್ಲ, ದಾರಿಯಲ್ಲಿ ಡೇರಿ ಡೇರಿಗೆ ನಿಲ್ಲುತ್ತದೆ. ಪ್ರತಿ ಸಲ ನಿಂತಾಗಲೂ ವಾಚು ನೋಡಿಕೊಳ್ಳುತ್ತಿದ್ದೆ. ಪಾಂಡವಪುರ ತಲುಪಿದಾಗ ಮಧ್ಯಾಹ್ನ ತಿರುಗಿತ್ತು. ಅಲ್ಲಿಂದ ಬಸ್ಸಿತ್ತು. ಇಳಿಯುವಾಗ ಡ್ರೈವರು "ಜಾವ್ ಬೇಟಾ, ಅಲ್ಲಾ ಒಳ್ಳೇದ್ ಮಾಡ್ಲಿ" ಅಂದರು. ಪ್ಯಾಂಟಿನ ಮಂಡಿಯವರೆಗೆ ಹಾಲು ಚೆಲ್ಲಿ ಒಣಗಿ ಗಟ್ಟಿಯಾಗಿತ್ತು.

ಶ್ರೀರಂಗಪಟ್ಟಣದ ಕೇಂದ್ರದ ಗೇಟು ಮುಚ್ಚುವ ಹೊತ್ತಿಗೆ ಓಡಿ ಒಳಗೆ ಬಿದ್ದೆ. ಕೊಠಡಿಯಲ್ಲಿ ಥಿಯರಿ ಪೇಪರಿನವನು ನಾನೊಬ್ಬನೇ, ಉಳಿದವರು ಬೇರೆ ಬೇರೆ ವಿಷಯದ ಹಳೇ ಫೇಲುಗಳು. ಮೇಲ್ವಿಚಾರಕರು ಮೂಗು ಮುಚ್ಚಿಕೊಂಡು "ಏನ್ರೀ ಇದು ವಾಸನೆ?" ಅಂದರು. ಹಾಲು ಸಾರ್, ಅಂದೆ. ಪ್ರಶ್ನೆ ಪತ್ರಿಕೆ ಕೊಟ್ಟರು. ತಡೆಯ ಪ್ರಶ್ನೆ ಇತ್ತು. ಇರಲೇಬೇಕಿತ್ತು.

ಮೊದಲ ಅಂಚು ಬರೆದೆ. ಎರಡನೇ ಅಂಚು ಬರೆದೆ. ನಾಲ್ಕೂ ಸಮೀಕರಣ ಹಾಳೆಯ ಮೇಲೆ ನಿಂತವು, ಯಾಕೆ ನಿಂತಿವೆ ಅಂತಲೂ ಗೊತ್ತಿತ್ತು. ಆದರೆ ಅವುಗಳಿಂದ ಒಂದೊಂದನ್ನೇ ಕಳೆಯುತ್ತಾ ಹೋಗುವ ಲೆಕ್ಕ, ಬಾಯಿಪಾಠವಾಗಿದ್ದ ಲೆಕ್ಕ, ಕೆಟ್ಟುಹೋಗಿತ್ತು. ಎಲ್ಲೋ ಒಂದು ಕಡೆ ಮರೆತೆ. ಹೊಸದಾಗಿ ಯೋಚಿಸಿ ಮಾಡಲು ಹೋದೆ. ಅರ್ಥವಾದದ್ದು ಅವತ್ತು ಬೆಳಿಗ್ಗೆಯಷ್ಟೇ ಅಲ್ಲವೆ? ಕೈಗೆ ಇನ್ನೂ ಇಳಿದಿರಲಿಲ್ಲ. ಮತ್ತೆ ಮತ್ತೆ ಮಾಡಿದೆ, ಮತ್ತೆ ಮತ್ತೆ ಹೊಡೆದುಹಾಕಿದೆ. ಗಂಟೆ ಬಾರಿಸಿದಾಗ ಹರಕು ಇಂಗ್ಲಿಷಿನಲ್ಲಿ, ಗೋಡೆಯ ಒಳಗೂ ಅದು ಸ್ವಲ್ಪ ಇರುತ್ತದೆ, ತೆಳ್ಳಗಾಗುತ್ತದೆ, ಸೊನ್ನೆಯಾಗುವುದಿಲ್ಲ ಅಂತ ಬರೆಯುತ್ತಿದ್ದೆ. ಅವರು ಹಾಳೆ ಕಿತ್ತುಕೊಂಡರು.

ಫೇಲಾದೆ.

ಮೇಷ್ಟ್ರಿಗೆ ಹೇಳಲು ನಾಗಮಂಗಲಕ್ಕೆ ಹೋದೆ. ಅವರು ಬಾಗಿಲಲ್ಲೇ ನನ್ನ ಮುಖ ನೋಡಿ ಒಳಗೆ ಹೋಗಿ ಟೀ ಮಾಡಿದರು. ಸರ್ಕಲ್ಲಿನಲ್ಲಿ ಹೇಳಿದ್ದನ್ನು ಹೇಳಿದೆ. ಲೋಟ ಕೆಳಗಿಟ್ಟು, "ಅದೇ ಕಣಪ್ಪ ಅದು. ಅಷ್ಟೇ ಅದು," ಅಂದರು. ಆಮೇಲೆ ನಾವು ಯಾವತ್ತೂ ಸಿಗಲಿಲ್ಲ.

ಅಪ್ಪನ ಆ ಟವೆಲನ್ನು ಡ್ರೈವರು ಮಾರನೇ ದಿನವೇ ವಾಪಸ್ ತಂದು ಕೊಟ್ಟಿದ್ದರು. ಟೆಂಪೋ ವಾಪಸ್ ಹೋಗಿದ್ದ ಅತ್ತೆ ಮನೆಯವರು ಮಾತ್ರ ನನ್ನನ್ನು ಬಿಟ್ಟ ವಿಷಯ ತಿಳಿದು ನಮ್ಮ ಮನೆಗೆ ಬರುವುದನ್ನೇ ಬಿಟ್ಟರು. ಅಪ್ಪನ ಟವೆಲಿಗೆ ಊರಿನಲ್ಲಿ ಬೆಲೆ ಕಮ್ಮಿಯಾಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಮುಂದಿನ ರಸ್ತೆ ತಡೆಯಲ್ಲಿ ಅವರು ಸಾಲಿನ ತುದಿಯಲ್ಲಿ ಕೂತಿದ್ದರು. ನಡುಮಧ್ಯೆ ಗಿರಣಿಯವನು.

ನಾನು ಏನಾದೆ ಅಂತ ಕೇಳುತ್ತೀರಲ್ಲ? ಕೆ.ಆರ್.ಪೇಟೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದೇನೆ. ಕೊನೆಗೂ ಊರವರೇ ಗೆದ್ದರು. ಜಗುಲಿಯ ಮೇಲೆ ಬಂದು ಕೂತಿದ್ದ ಮಿಕ್ಸಿಗಳು ಈಗ ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತಿರುತ್ತವೆ. ಗಿರಣಿಯವನಿಗೆ ಈಗ ವಯಸ್ಸಾಗಿದೆ. ಸುಟ್ಟ ಮೋಟಾರು ತಂದಾಗಲೆಲ್ಲ ಸ್ಟೂಲಿನ ಮೇಲೆ ಕೂತು, ಪಕ್ಕದಲ್ಲಿದ್ದವರಿಗೆ ನನ್ನನ್ನು ತೋರಿಸಿ, "ಈ ನನ್ಮಗ ಗೋಡೆ ದಾಟೋದ್ ಓದವ್ನೆ. ಏಳ್ಲಾ ಅವ್ರಿಗೆ," ಅನ್ನುತ್ತಾನೆ.

ಹೇಳುತ್ತೇನೆ. ಚೆಂಡು, ಗೋಡೆ, ಅಲೆ. ಕೇಳಿದವರು ನಗುತ್ತಾರೆ, ಗಿರಣಿಯವನು ತನ್ನ ಹೊಟ್ಟೆಯ ಮಾತನ್ನು ಮತ್ತೆ ಹೇಳುತ್ತಾನೆ. ಅವರು ಹೋದ ಮೇಲೆ ಕೆಲವೊಮ್ಮೆ ಬಿಲ್ಲಿನ ಹಿಂದುಗಡೆ ನಾಲ್ಕು ಸಮೀಕರಣ ಬರೆದು ಕಳೆಯಲು ಕೂರುತ್ತೇನೆ. ಅವಸರವಿಲ್ಲ, ಗಂಟೆ ಬಾರಿಸುವವರಿಲ್ಲ. ಆದರೂ ಪರೀಕ್ಷೆಯಲ್ಲಿ ಮರೆತ ಅದೇ ಸಾಲಿಗೆ ಬಂದಾಗ ಮೂಗಿಗೆ ಹಾಲು ಹುಳಿಯಾದ ವಾಸನೆ ಬರುತ್ತದೆ, ಕೈ ನಿಲ್ಲುತ್ತದೆ. ಕಾಗದವನ್ನು ಮುದುರಿ ಬಿಸಾಕಿ ತಾಮ್ರದ ತಂತಿ ಸುತ್ತಲು ಶುರು ಮಾಡುತ್ತೇನೆ.